ಚೆಲ್ಲಿ ಸುಮ್ಕಿರಬೇಕು: ನಮ್ಮ ತಾರಸಿಯ ಸಬ್ಬಸಿಗೆ

ನಾನು ಬೆಳೆದ ಮೊದಲ ಸಬ್ಬಸಿಗೆಯನ್ನು ನಾನೇ ಕಿತ್ತು ಬಿಸಾಕಿದೆ. ಹುಲ್ಲು ಅಂದುಕೊಂಡು.

ಬೀಜ ಹಾಕಿ 15 ದಿನ ಆಗಿತ್ತು. ಕುಂಡದಲ್ಲಿ ಅಲ್ಲೊಂದು ಇಲ್ಲೊಂದು ತೆಳ್ಳಗೆ, ಉದ್ದಕ್ಕೆ ಎರಡೆರಡು ಎಲೆ ಎದ್ದು ನಿಂತಿದ್ದವು. ಸಬ್ಬಸಿಗೆ ಅಂದರೆ ಕೂದಲಿನ ಹಾಗೆ ಸೀಳಿದ ಎಲೆ ಅಲ್ವಾ? ಇದು ನೋಡಿದರೆ ಗರಿಕೆ ಮರಿಯ ಹಾಗಿತ್ತು. ಜೂನ್ ತಿಂಗಳು, ಮಳೆ ಬಿದ್ದ ಎಲ್ಲ ಕುಂಡಗಳಲ್ಲೂ ಹುಲ್ಲು ಏಳುತ್ತಿತ್ತು. ಸಾಲಾಗಿ ಎಲ್ಲ ಕುಂಡಗಳ ಕಳೆ ಕೀಳುತ್ತಾ ಬಂದವಳು ಇದನ್ನೂ ಕಿತ್ತೆ. ಕುಂಡದ ಅಂಚಿಗೆ ಒತ್ತಿಕೊಂಡಿದ್ದ ಎರಡು ಮಾತ್ರ ಕೈಗೆ ಸಿಗಲಿಲ್ಲ. ಮುಂದಿನ ವಾರ ನೋಡಿದರೆ ಆ ಜೋಡಿ ಎಲೆಗಳ ನಡುವಿನಿಂದ ಹಸಿರು ನೂಲಿನ ಥರ ಏನೋ ಬಿಚ್ಚಿಕೊಳ್ಳುತ್ತಿತ್ತು. ಚಿವುಟಿ, ಬೆರಳಲ್ಲಿ ಉಜ್ಜಿ ಮೂಸಿದೆ. ಅದೇ ವಾಸನೆ. ಸಬ್ಬಸಿಗೆಯೇ!

ಬೀಜದಿಂದ ಮೊದಲು ಹೊರಬರುವ ಎರಡು ಎಲೆಗೂ ಆಮೇಲೆ ಬರುವ ಎಲೆಗೂ ಸಂಬಂಧವೇ ಇರುವುದಿಲ್ಲ ಅಂತ ಆಗ ನನಗೆ ಗೊತ್ತಿರಲಿಲ್ಲ. ಕ್ಯಾರೆಟ್ ಕೂಡ ಹೀಗೇ, ಮೊದಮೊದಲು ಹುಲ್ಲಿನ ವೇಷ. ಸಬ್ಬಸಿಗೆ, ಕ್ಯಾರೆಟ್, ಕೊತ್ತಂಬರಿ, ಜೀರಿಗೆ, ಓಮ, ಸೋಂಪು ಎಲ್ಲ ಒಂದೇ ಕುಟುಂಬದವು. ಸಬ್ಬಸಿಗೆ ಬೆಳೆಯುವವರು ಬೇರೆ ಏನು ಮರೆತರೂ ಪರವಾಗಿಲ್ಲ, ಮೊದಲ 20 ದಿನ ಕಳೆ ಕೀಳೋಕೆ ಹೋಗಬೇಡಿ.

ಇನ್ನು ಇದನ್ನು ಬೆಳೆಯಲು ಯಾಕೆ ಹೊರಟೆ ಅನ್ನುವುದು. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಮೂರನೇ ಮಹಡಿ, ತಲೆ ಮೇಲೆ ತಾರಸಿ. "ಕುಂಡ ಇಟ್ಕೊಳ್ಳಿ, ಕೆಳಗೆ ನೀರು ಸೋರಬಾರದು ಅಷ್ಟೇ" ಅಂದಿದ್ದರು ಓನರ್. ಮೆಣಸಿನ ಗಿಡ, ಕರಿಬೇವು, ದೊಡ್ಡಪತ್ರೆ ಆಗಲೇ ಇದ್ದವು. ಸಬ್ಬಸಿಗೆ ತಲೆಗೆ ಹೊಕ್ಕಿದ್ದು ಮಾತ್ರ ಜಿಪುಣತನದಿಂದ. ಮನೆಯಲ್ಲಿ ಇರುವುದು ಇಬ್ಬರು. ಅದರಲ್ಲಿ ನಮ್ಮನೆಯವರು ಉಡುಪಿ ಕಡೆಯವರು, ಚಿಕ್ಕಂದಿನಿಂದ ಈ ಸೊಪ್ಪು ತಿಂದು ಬೆಳೆದವರಲ್ಲ. ನಾನು ತಿಪಟೂರು ಕಡೆಯವಳು, ಸಬ್ಬಸಿಗೆ ಇಲ್ಲದ ಅಕ್ಕಿ ರೊಟ್ಟಿ ನನಗೆ ರೊಟ್ಟಿಯೇ ಅಲ್ಲ. ಮದುವೆಯಾದ ಹೊಸದರಲ್ಲಿ ರೊಟ್ಟಿ ಮುರಿದು ಮೂಸಿ, "ಇದೇನೇ, ಗ್ರೈಪ್ ವಾಟರ್ ವಾಸನೆ!" ಅಂದಿದ್ದರು. ಮಾತೇನೋ ಸುಳ್ಳಲ್ಲ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಅನ್ನುವವರು ಮಾಡಿದ ಆ ಮಕ್ಕಳ ಔಷಧಿಗೆ ಸಬ್ಬಸಿಗೆ ಎಣ್ಣೆಯೂ ಬೀಳುತ್ತಿತ್ತು. ಆ ಮೂಗಿಗೆ ಈಗಲೂ ಪೂರ್ತಿ ಮಾರ್ಕು ಕೊಡುತ್ತೇನೆ. ಆದರೆ ರೊಟ್ಟಿ ಬಿಡೋಕಾಗಲ್ಲ.

ಹಾಗಾಗಿ 30 ರೂಪಾಯಿ ಕೊಟ್ಟು ಒಂದು ಕಟ್ಟು ತಂದರೆ ಕಾಲು ಭಾಗ ನಾನು ತಿನ್ನೋದು, ಮುಕ್ಕಾಲು ಭಾಗ ಫ್ರಿಜ್ಜಿನಲ್ಲಿ ಕೊಳೆಯೋದು. ಕೊತ್ತಂಬರಿಯನ್ನು ಪೇಪರ್‌ನಲ್ಲಿ ಸುತ್ತಿಟ್ಟರೆ ಒಂದು ವಾರ ತಡೆಯುತ್ತದೆ. ಸಬ್ಬಸಿಗೆ ಮೂರನೇ ದಿನಕ್ಕೆ ಒಂದಕ್ಕೊಂದು ಅಂಟಿಕೊಂಡು ಲೋಳೆಲೋಳೆ. ಬೇಕಾದಾಗ ಒಂದು ಹಿಡಿ ಕಿತ್ತುಕೊಳ್ಳುವ ಹಾಗಿದ್ದರೆ ಎಷ್ಟು ಚೆಂದ ಅನ್ನಿಸಿತು.

ಮೊದಲ ಸಲ ಬೀಜ ತಂದಿದ್ದು ಗ್ರಂಧಿಗೆ ಅಂಗಡಿಯಿಂದ. ಬಾಣಂತಿ ಖಾರಕ್ಕೆ, ಕಷಾಯಕ್ಕೆ ಅಂತ ಅಲ್ಲಿ ಸಬ್ಬಸಿಗೆ ಬೀಜ ಇಟ್ಟಿರುತ್ತಾರೆ. 10 ರೂಪಾಯಿಗೆ ಒಂದು ಪೊಟ್ಟಣ. ಚಪ್ಪಟೆ, ಕಂದು ಬಣ್ಣ, ಬೆನ್ನ ಮೇಲೆ ಗೀರು, ಅಂಚಿಗೆ ತೆಳು ರೆಕ್ಕೆ. ಒಂದು ಹಿಡಿ ಪೂರ್ತಿ ಕುಂಡಕ್ಕೆ ಸುರಿದಿದ್ದೆ. ಬಂದಿದ್ದು ಹತ್ತೋ ಹನ್ನೆರಡೋ. ಅಂಗಡಿಯವರದು ತಪ್ಪು ಅನ್ನೋಕಾಗಲ್ಲ, ಅವರು ಮಾರುವುದು ಕುದಿಸಿ ಕುಡಿಯೋಕೆ. ಯಾವ ವರ್ಷದ ಬೀಜವೋ ಏನೋ. ಈ ಕುಟುಂಬದ ಬೀಜಗಳು ಹಳೆಯದಾದ ಹಾಗೆ ಬೇಗ ಸತ್ತು ಹೋಗುತ್ತವೆ. ಎರಡು ಮೂರು ವರ್ಷ ಕಳೆದರೆ ನಂಬುವ ಹಾಗಿಲ್ಲ. ವಾಸನೆ ಮಾತ್ರ ಹಾಗೇ ಇರುತ್ತದೆ, ಅದಕ್ಕೇ ಮೋಸ ಹೋಗುತ್ತೇವೆ.

ಹುಲ್ಲಿನ ಪ್ರಸಂಗ ಮುಗಿದ ಮೇಲೆ ನನಗೆ ಜ್ಞಾನೋದಯವಾಯಿತು. ಸರಿಯಾಗಿ ಮಾಡೋಣ ಅಂತ ಹೊರಟೆ. ಈಗ ಯೋಚಿಸಿದರೆ ಆ "ಸರಿಯಾಗಿ" ಅನ್ನೋದೇ ಎಡವಟ್ಟಾಗಿದ್ದು.

ಆನ್‌ಲೈನಿನಲ್ಲಿ "ಡಿಲ್" ಅಂತ, ಅಂದರೆ ಇಂಗ್ಲಿಷಿನ ಸಬ್ಬಸಿಗೆ, ಒಂದು ಪ್ಯಾಕೆಟ್ ತರಿಸಿದೆ. ಮೇಲೆ ಹಳದಿ ಹೂವಿನ ಚಿತ್ರ, ಒಳಗೆ ಎಣಿಸಿ ಹಾಕಿದ ಹಾಗೆ ಒಂದಿಷ್ಟು ಬೀಜ. ಸಸಿ ಎಬ್ಬಿಸೋಕೆ 50 ಗುಳಿಯ ಪ್ಲಾಸ್ಟಿಕ್ ತಟ್ಟೆ, ಪ್ರೋಟ್ರೇ ಅನ್ನುವುದು, ತಂದೆ. ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ನೆನೆಸಿ, ಎರೆಗೊಬ್ಬರ ಬೆರೆಸಿ, ಒಂದೊಂದು ಗುಳಿಗೆ ಎರಡೆರಡು ಬೀಜ ಇಟ್ಟೆ. ಟೊಮ್ಯಾಟೊ, ಮೆಣಸಿನಕಾಯಿಗೆಲ್ಲ ಹೀಗೇ ಸಸಿ ಮಾಡಿ ಅಭ್ಯಾಸ ಇತ್ತು. ಒಂಬತ್ತನೇ ದಿನ ಮೊಳಕೆ ಬಂತು. ಈ ಸಲ ಹುಲ್ಲಿನಂಥ ಎಲೆ ಕಂಡು ಹಿಗ್ಗಿದೆ. ದಿನಾ ಸ್ಪ್ರೇ ಬಾಟಲಿಯಲ್ಲಿ ನೀರು, ಬಿಸಿಲು ಜಾಸ್ತಿಯಾದರೆ ಒಳಗೆ, ಸಂಜೆ ಮತ್ತೆ ಹೊರಗೆ. ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ ನಕ್ಕರು. "ಅದೇನೇ, ಎಳೇ ಕೂಸನ್ನ ನೀರು ಹಾಕಿ ಮಲಗಿಸ್ದಂಗೆ ಮಾಡ್ತಿದೀಯ? ಸಬ್ಬಸಿಗೆ ಕಣೇ ಅದು."

ನಾಲ್ಕು ವಾರದ ಸಸಿಗಳನ್ನು ಗ್ರೋ ಬ್ಯಾಗಿಗೆ ಬದಲಾಯಿಸಿದೆ, ಅರ್ಧ ಅಡಿಗೆ ಒಂದರಂತೆ. ಗುಳಿಯಿಂದ ಎತ್ತುವಾಗಲೇ ಗೊತ್ತಾಗಬೇಕಿತ್ತು. ಬೇರು ಅಂದರೆ ಪೊದೆಯಲ್ಲ, ಒಂದೇ ಒಂದು ಬಿಳಿ ದಾರ. ಗುಳಿಯ ತಳಕ್ಕೆ ತಾಗಿ ವಾಪಸ್ ಮೇಲಕ್ಕೆ ಸುರುಳಿ ಸುತ್ತಿತ್ತು. ಬಿಡಿಸಲು ಹೋದರೆ ಪಟ್ ಅಂತ ತುಂಡಾಯಿತು. 30ರಷ್ಟು ಸಸಿ ನೆಟ್ಟೆ, ಮರುದಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಒದ್ದೆ ದಾರದ ಹಾಗೆ ಮಣ್ಣಿನ ಮೇಲೆ ಮಲಗಿದ್ದವು. ಉಳಿದಿದ್ದು ಏಳು. ಆ ಏಳೂ ಸೊಪ್ಪು ಬಿಡುವ ಯೋಚನೆಯನ್ನೇ ಮಾಡಲಿಲ್ಲ. ಒಂದು ಗೇಣು ಬೆಳೆದು, ಕಡ್ಡಿ ಗಟ್ಟಿ ಮಾಡಿಕೊಂಡು, ನೇರ ಹೂವಿಗೆ ಹೋದವು. ಕಷ್ಟಕ್ಕೆ ಸಿಕ್ಕಿದ ಗಿಡ ಹಾಗೇ ಅಂತೆ. ಬದುಕೋದು ಅನುಮಾನ ಅನ್ನಿಸಿದರೆ ಮೊದಲು ಬೀಜದ ಚಿಂತೆ.

ಆವತ್ತು ಸೊಪ್ಪಿನ ಅಜ್ಜಿ ಬಂದಿದ್ದರು. ವಾರಕ್ಕೆರಡು ದಿನ ನಮ್ಮ ಬೀದಿಗೆ ತಳ್ಳುಗಾಡಿ ತರುತ್ತಾರೆ, ಹೊಸಕೋಟೆ ಕಡೆಯವರು. ನಾನು ಸಬ್ಬಸಿಗೆ ಒಂದು ಕಟ್ಟು ತೆಗೆದುಕೊಳ್ಳುತ್ತಾ ನನ್ನ ಗೋಳು ಹೇಳಿಕೊಂಡೆ. ಅಜ್ಜಿ ಗಾಡಿಯ ಮೇಲೆ ನೀರು ಚಿಮುಕಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ನಾಟಿ ಮಾಡ್ದಾ? ಸಬ್ಬಸ್ಗೆನಾ?"

"ಹೂಂ ಅಜ್ಜಿ."

"ಯಾರಾನಾ ಸಬ್ಬಸ್ಗೆ ನಾಟಿ ಮಾಡ್ತಾರೇನವ್ವಾ? ಚೆಲ್ಲಿ ಸುಮ್ಕಿರಬೇಕು."

ಅಷ್ಟೇ ಹೇಳಿ ಚಿಲ್ಲರೆ ಕೊಟ್ಟು ಹೋದರು. ನಾನು ಮನೆಗೆ ಬಂದು ಕಟ್ಟಿನ ಬಾಳೆನಾರು ಬಿಚ್ಚಿದೆ. ಇಷ್ಟು ವರ್ಷ ಬಿಚ್ಚಿದ್ದೇನೆ, ಬೇರು ಕತ್ತರಿಸಿ ಎಸೆದಿದ್ದೇನೆ, ಆದರೆ ನೋಡಿರಲಿಲ್ಲ. ಆವತ್ತು ಪೇಪರ್ ಹರಡಿ ಒಂದೊಂದೇ ಗಿಡ ಬಿಡಿಸಿ ಸಾಲಾಗಿ ಇಟ್ಟೆ. ಒಟ್ಟು 64 ಗಿಡ. ಒಂದೊಂದು ಒಂದು ಗೇಣು ಉದ್ದ, ಐದಾರು ಎಲೆ, ತುದಿಯಲ್ಲಿ ಮಣ್ಣು ಮೆತ್ತಿದ ಬೆರಳುದ್ದದ ಬೇರು. ದಂಟು ಎಳೆಯದು, ಉಗುರು ಒತ್ತಿದರೆ ನೀರು. ಒಂದೂ ದೊಡ್ಡ ಗಿಡ ಇಲ್ಲ. ಕೊಂಬೆ ಒಡೆದದ್ದೂ ಇಲ್ಲ.

ನನ್ನ ತಲೆಯಲ್ಲಿ ಇದ್ದಿದ್ದು ಒಂದು ಗಿಡ. ತುಳಸಿ ಥರ, ದೊಡ್ಡಪತ್ರೆ ಥರ ಕುಂಡದಲ್ಲಿ ಸೊಂಪಾಗಿ ಕೂತಿರುತ್ತದೆ, ಬೇಕಾದಾಗ ಚಿವುಟಿಕೊಳ್ಳುವುದು ಅಂತ. ಅಂಗಡಿಯಲ್ಲಿ ಸಿಗುವ ಒಂದು ಕಟ್ಟು ಅಂದರೆ ತಿಂಗಳು ತುಂಬಿದ 60-70 ಸಸಿಗಳು ಅನ್ನುವುದು ಹೊಳೆದೇ ಇರಲಿಲ್ಲ. ಬದುಕಿದ ಆ ಏಳು ಗಿಡ ಚೆನ್ನಾಗಿ ಸೊಪ್ಪು ಬಿಟ್ಟಿದ್ದರೂ ನನಗೆ ಸಿಗುತ್ತಿದ್ದುದು ಒಂದು ರೊಟ್ಟಿಗೂ ಸಾಲದಷ್ಟು! ಹೊರದೇಶದ ಪುಸ್ತಕ, ವಿಡಿಯೋಗಳಲ್ಲಿ ಒಂದೊಂದು ಗಿಡಕ್ಕೆ ಒಂದಡಿ ಜಾಗ ಬಿಡಿ ಅನ್ನುತ್ತಾರೆ. ಅವರಿಗೆ ಮೀನಿನ ಮೇಲೆ ಉದುರಿಸೋಕೆ ನಾಲ್ಕು ಎಸಳು ಸಾಕು, ಉಪ್ಪಿನಕಾಯಿ ಜಾಡಿಗೆ ಹೂವಿನ ತಲೆ ಬೇಕು. ಅವರ ಲೆಕ್ಕ ಅವರಿಗೆ ಸರಿ. ನಮಗೆ ಬೇಕಾಗಿರುವುದು ಬೇಳೆ ಜೊತೆ ಬೇಯಿಸೋಕೆ ಬೋಗುಣಿ ತುಂಬ ಸೊಪ್ಪು.

ಅಂದಹಾಗೆ ಅವರ ಬೀಜ, ನಮ್ಮ ಬೀಜ ಕೂಡ ಅಷ್ಟಿಷ್ಟು ಬೇರೆ. ನಮ್ಮದು ಸ್ವಲ್ಪ ಉದ್ದ, ಅಂಚಿನ ರೆಕ್ಕೆ ಕಿರಿದು. ಒಂದು ಕಾಲದಲ್ಲಿ ಸಸ್ಯಶಾಸ್ತ್ರದವರು ಭಾರತದ ಸಬ್ಬಸಿಗೆಗೆ "ಅನೀಥಮ್ ಸೋವಾ" ಅಂತ ಬೇರೆ ಹೆಸರನ್ನೇ ಇಟ್ಟಿದ್ದರು, ಹಿಂದಿಯ ಸೋಯಾ, ಸೋವಾದಿಂದ. ಈಗ ಎರಡನ್ನೂ ಒಂದೇ ಜಾತಿಗೆ ಸೇರಿಸುತ್ತಾರೆ. ಹೆಸರಿನ ಗೊಂದಲ ನಮ್ಮಲ್ಲೂ ಕಮ್ಮಿ ಇಲ್ಲ ಬಿಡಿ. ನಮ್ಮ ಕಡೆ ಎಷ್ಟೋ ಜನ ಇದನ್ನು ಸಬ್ಬಕ್ಕಿ ಸೊಪ್ಪು ಅನ್ನುತ್ತಾರೆ. ಪಾಯಸದ ಸಬ್ಬಕ್ಕಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ನಮ್ಮನೆಯವರು ಒಂದು ಸಲ ಅಂಗಡಿಗೆ ಹೋಗಿ ಅರ್ಧ ಕೆಜಿ ಸಬ್ಬಕ್ಕಿ ತಂದು ಟೇಬಲ್ ಮೇಲೆ ಇಟ್ಟಿದ್ದರು. ಬೇಕಂತಲೇ ತಂದರು ಅಂತ ನನಗೆ ಇವತ್ತಿಗೂ ಅನುಮಾನ.

ಅಕ್ಟೋಬರ್ ಹೊತ್ತಿಗೆ ಅಜ್ಜಿ ಊರಿಂದ ಬೀಜ ತಂದುಕೊಟ್ಟರು, ಪೇಪರ್ ಪೊಟ್ಟಣದಲ್ಲಿ ಒಂದು ಹಿಡಿ. ದುಡ್ಡು ತೆಗೆದುಕೊಳ್ಳಲಿಲ್ಲ, ಎರಡು ಕಟ್ಟು ಸೊಪ್ಪು ಜಾಸ್ತಿ ಮಾರಿದರು. ಈ ಸಲ ಮೊದಲು ಪರೀಕ್ಷೆ ಮಾಡಿದೆ. ಒದ್ದೆ ಬಟ್ಟೆಯಲ್ಲಿ 20 ಬೀಜ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ಜೊತೆಗೆ ಗ್ರಂಧಿಗೆ ಅಂಗಡಿಯ ಬೀಜವೂ 20, ಇನ್ನೊಂದು ಡಬ್ಬಿಯಲ್ಲಿ. ಹತ್ತು ದಿನಕ್ಕೆ ಅಜ್ಜಿಯ ಬೀಜದಲ್ಲಿ 17 ಮೊಳೆತಿದ್ದವು. ಇನ್ನೊಂದು ಡಬ್ಬಿಯಲ್ಲಿ 2.

ಕುಂಡದ ಬದಲು ಹಣ್ಣಿನ ಅಂಗಡಿಯಿಂದ ಹಳೇ ಪ್ಲಾಸ್ಟಿಕ್ ಕ್ರೇಟ್ ತಂದೆ. ಒಂದಡಿ ಆಳ ಇರುತ್ತದೆ, ಬೇರಿಗೆ ಬೇಕಾದಷ್ಟು. ಒಳಗೆ ಹಳೆಯ ಅಕ್ಕಿ ಚೀಲ ಹಾಸಿ, ತಳದಲ್ಲಿ ನಾಲ್ಕಾರು ಕಡೆ ಚುಚ್ಚಿದೆ. ಕೆಂಪು ಮಣ್ಣು ಎರಡು ಪಾಲು, ಕೊಕೊಪೀಟ್ ಒಂದು ಪಾಲು, ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ಹಸಿ ಗೊಬ್ಬರ ಹಾಕಬಾರದು, ಎಳೆ ಬೇರು ಸುಟ್ಟು ಹೋಗುತ್ತದೆ. ಹಿಂಡಿ ಹಾಕಿದ್ದು ಇರುವೆಗೂ ಹೆದರಿಕೆಯಾಗಲಿ ಅಂತ. ಇರುವೆಗಳೇನೂ ಹೆದರಲಿಲ್ಲ. ಬೀಜ ಹಾಕಿದ ಮರುದಿನವೇ ಸಾಲುಗಟ್ಟಿ ಹೊತ್ತುಕೊಂಡು ಹೊರಟಿದ್ದವು. ಕ್ರೇಟಿನ ನಾಲ್ಕು ಮೂಲೆಗೆ ಇಟ್ಟಿಗೆ ಕೊಟ್ಟು, ಇಟ್ಟಿಗೆಯನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿದ ಮೇಲೆ ನಿಂತಿತು.

ಬೀಜವನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಎರಡು ಹಿಡಿ ಒಣ ಮರಳಿನ ಜೊತೆ ಕಲಸಿದೆ. ಇದು ಅಮ್ಮ ಹೇಳಿದ್ದು. ಬರೀ ಬೀಜ ಚೆಲ್ಲಿದರೆ ಹಗುರ, ಒಂದೇ ಕಡೆ ಬೀಳುತ್ತದೆ. ಮರಳಿನ ಜೊತೆ ರಂಗೋಲಿ ಪುಡಿ ಉದುರಿಸಿದ ಹಾಗೆ ಕೈಯಿಂದ ಸಮನಾಗಿ ಇಳಿಯುತ್ತದೆ. ಒಂದು ಕ್ರೇಟಿಗೆ ಎರಡು ಟೀ ಚಮಚ ಬೀಜ ಹಿಡಿಯಿತು. ಬೆರಳು ತುದಿಯಲ್ಲಿ ಮೇಲಿಂದ ಮೇಲೆ ಕೈಯಾಡಿಸಿ, ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ಮಣ್ಣು ಬೀಳದ ಹಾಗೆ ಮುಚ್ಚಿದೆ. ಆಳಕ್ಕೆ ಹೋದರೆ ಆ ಪುಟ್ಟ ಬೀಜಕ್ಕೆ ಮೇಲೆ ಬರುವ ಶಕ್ತಿ ಇರುವುದಿಲ್ಲ.

ಮೊದಲ ಕ್ರೇಟಿಗೆ ಮಗ್ಗಿನಲ್ಲಿ ನೀರು ಹೊಯ್ದು ಬೀಜವೆಲ್ಲ ಒಂದು ಮೂಲೆಗೆ ತೇಲಿ ಹೋಗಿತ್ತು. ಆಮೇಲೆ ಅಲ್ಲಿ ಹಲ್ಲುಜ್ಜುವ ಬ್ರಷ್ಷಿನ ಥರ ಒತ್ತಾಗಿ ಸಸಿ, ಮಿಕ್ಕ ಕಡೆ ಬೋಳು. ಎರಡನೆಯದಕ್ಕೆ ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ಚಿಮುಕಿಸಿದೆ. ಮೇಲೆ ಒದ್ದೆ ಗೋಣಿಚೀಲ ಮುಚ್ಚಿದೆ. ಗೋಣಿ ಇದ್ದರೆ ಮಣ್ಣು ಒಣಗುವುದಿಲ್ಲ, ಪಾರಿವಾಳ ಕೆದಕುವುದಿಲ್ಲ. ಆರನೇ ದಿನದಿಂದ ಬೆಳಿಗ್ಗೆ ಸಂಜೆ ಎತ್ತಿ ನೋಡಬೇಕು, ಮೊಳಕೆ ಕಂಡ ದಿನವೇ ತೆಗೆಯಬೇಕು. ನಾನು ಒಂದು ಸಲ ಊರಿಗೆ ಹೋಗಿ ಎರಡು ದಿನ ತಡವಾಗಿ ಬಂದೆ. ಗೋಣಿ ಎತ್ತಿದರೆ ಬಿಳಿ ಶಾವಿಗೆ. ಅರ್ಧ ಗೋಣಿಯ ನೇಯ್ಗೆಯೊಳಗೇ ತೂರಿಕೊಂಡು, ಗೋಣಿಯ ಜೊತೆಗೇ ಕಿತ್ತು ಬಂದವು.

ಎಂಟನೇ ದಿನ ಮೊಳಕೆ, ಹದಿನಾರನೇ ದಿನ ಮೊದಲ ಸೀಳು ಎಲೆ. ಅಲ್ಲಿಂದ ಮುಂದೆ ಹೇಳೋಕೆ ಏನೂ ಇಲ್ಲ, ನಿಜವಾಗಿಯೂ ಸುಮ್ಕಿರೋದೇ. ಬೆಳಿಗ್ಗೆ ಒಂದು ಸಲ ನೀರು, ಐದಾರು ಗಂಟೆ ಬಿಸಿಲು. ತೀರಾ ಒತ್ತಾಗಿದ್ದ ಕಡೆ ಮೂರನೇ ವಾರ ನಡುನಡುವೆ ಕಿತ್ತೆ. ಆ ಎಳೇ ಸಸಿಗಳನ್ನು ಹೆಸರುಬೇಳೆ ಕೋಸಂಬರಿಗೆ ಹಸಿಯಾಗಿಯೇ ಹಾಕಿದರೆ ಅದರ ರುಚಿಯೇ ಬೇರೆ. ಒಂದು ಮಳೆಗೆ ಇಡೀ ಕ್ರೇಟು ಒಂದೇ ಪಕ್ಕಕ್ಕೆ ಮಲಗಿತ್ತು. ನಾನು ಗಾಬರಿಯಾದೆ. ಮರುದಿನ ಬಿಸಿಲಿಗೆ ತಾವೇ ಎದ್ದವು. ಒಂಟಿಯಾಗಿ ನಿಂತ ಗಿಡವಾದರೆ ಮುರಿದೇ ಹೋಗುತ್ತಿತ್ತು. ಒತ್ತಾಗಿದ್ದರಿಂದ ಒಂದನ್ನೊಂದು ಆನಿಸಿಕೊಂಡು ನಿಲ್ಲುತ್ತವೆ.

ಬಿಸಿಲು ಕಮ್ಮಿ ಇರುವವರ ಕಥೆಯನ್ನೂ ಹೇಳಬೇಕು. ಕೆಳಗಿನ ಮನೆಯ ಆಂಟಿ ನನ್ನ ಹತ್ತಿರ ಬೀಜ ಇಸಿದುಕೊಂಡು ಬಾಲ್ಕನಿಯಲ್ಲಿ ಹಾಕಿದ್ದರು. ಅಲ್ಲಿಗೆ ಬೆಳಿಗ್ಗೆ ಒಂದು ಗಂಟೆ ಬಿಸಿಲು ಬಂದರೆ ಹೆಚ್ಚು. ಬೀಜ ಮೊಳೆಯಿತು, ಆದರೆ ಗಿಡ ಬೆಳಕು ಹುಡುಕಿಕೊಂಡು ಸರಳಿನ ಕಡೆಗೆ ಉದ್ದಕ್ಕೆ ಬಾಗಿ, ದಂಟು ಮಾತ್ರ ಆಗಿ, ಎಲೆ ಇಷ್ಟಿಷ್ಟೇ. ಜೊತೆಗೆ ಅವರು ಪ್ರೀತಿಯಿಂದ ದಿನಕ್ಕೆ ಮೂರು ಸಲ ನೀರು ಹಾಕಿ ಬುಡ ಕೊಳೆಸಿದರು. ಅಂಥ ಕಡೆ ಪುದೀನ ಹಾಕಿಕೊಳ್ಳೋದೇ ವಾಸಿ.

38ನೇ ದಿನ ಕಿತ್ತೆ. ಭಾನುವಾರ, ಬೆಳಿಗ್ಗೆ ತಿಂಡಿಗೆ. ಕ್ರೇಟಿನ ಒಂದು ಬದಿಯಿಂದ ಹಿಡಿಹಿಡಿಯಾಗಿ ಎಳೆದರೆ ಪರಪರ ಅಂತ ಬೇರು ಬಿಟ್ಟು ಬರುವ ಸದ್ದು. ಅಲ್ಲೇ ನಲ್ಲಿಯ ಕೆಳಗೆ ಮಣ್ಣು ತೊಳೆದೆ. ಅಂಗಡಿಯ ಸೊಪ್ಪು ತೊಳೆದಾಗ ಇಲ್ಲದ ಒಂದು ಘಾಟು, ಸ್ವಲ್ಪ ಸಿಹಿ, ಸ್ವಲ್ಪ ಓಮದ ಹಾಗೆ, ಕೈಗೆ ಹತ್ತಿಕೊಂಡು ಮಧ್ಯಾಹ್ನದವರೆಗೂ ಹೋಗಲಿಲ್ಲ. ಸಣ್ಣಗೆ ಹೆಚ್ಚಿದರೆ ಬೋಗುಣಿ ತುಂಬ. ಅಕ್ಕಿಹಿಟ್ಟು, ತೆಂಗಿನತುರಿ, ಹಸಿಮೆಣಸಿನಕಾಯಿ, ಈರುಳ್ಳಿ, ಜೀರಿಗೆ, ಉಪ್ಪು. ನೀರು ಕಮ್ಮಿ ಹಾಕಬೇಕು, ಸೊಪ್ಪೇ ನೀರು ಬಿಡುತ್ತದೆ. ತಣ್ಣಗಿನ ಬಾಣಲೆಗೆ ಎಣ್ಣೆ ಸವರಿ, ಉಂಡೆ ಇಟ್ಟು, ಬೆರಳಿನಿಂದ ಅಂಚಿಗೆ ತಟ್ಟುತ್ತಾ ಹೋಗಿ, ನಡುವೆ ನಾಲ್ಕು ತೂತು ಮಾಡಿ, ತೂತಿಗೊಂದು ಹನಿ ಎಣ್ಣೆ. ಮುಚ್ಚಳ ತೆಗೆದಾಗ ಎದ್ದ ಹಬೆಗೆ ನನಗೆ ತಿಪಟೂರಿನ ಅಡುಗೆಮನೆ ನೆನಪಾಯಿತು. ನಮ್ಮನೆಯವರು ಮುಂದಿನ ಕೋಣೆಯಿಂದಲೇ "ಗ್ರೈಪ್ ವಾಟರ್" ಅಂದರು. ಆದರೆ ಬಂದು ಎರಡು ತಿಂದರು, ಬೆಣ್ಣೆ ಹಾಕಿಸಿಕೊಂಡು. ಬೆಣ್ಣೆಗೋಸ್ಕರ ಅಂತ ಅವರ ವಾದ.

ಒಂದು ಕ್ರೇಟು ಎರಡು ವಾರಾಂತ್ಯಕ್ಕೆ ಸಾಕಾಯಿತು. ಆಮೇಲೆ ಖಾಲಿ. ಮತ್ತೆ ಬೀಜ ಹಾಕಿ 38 ದಿನ ಕಾಯಬೇಕು. ಈಗ ಮೂರು ಕ್ರೇಟು ಇಟ್ಟಿದ್ದೇನೆ, ಸುಮಾರು ಎರಡು ವಾರಕ್ಕೊಂದರಂತೆ ಬೀಜ ಬೀಳುತ್ತದೆ. ಒಂದು ಮೊಳೆಯುವಾಗ ಇನ್ನೊಂದು ಗೇಣುದ್ದ ಇರುತ್ತದೆ, ಮತ್ತೊಂದು ಕೀಳೋಕೆ ಸಿದ್ಧ. ಕಿತ್ತ ಮೇಲೆ ಮಣ್ಣನ್ನು ಎರಡು ದಿನ ಬಿಸಿಲಿಗೆ ಹರವಿ, ಎರಡು ಹಿಡಿ ಎರೆಗೊಬ್ಬರ ಸೇರಿಸಿ ವಾಪಸ್ ತುಂಬುತ್ತೇನೆ. ಕತ್ತರಿಯಲ್ಲಿ ಕತ್ತರಿಸಿದರೆ ಮತ್ತೆ ಚಿಗುರುತ್ತದೆ ಅಂತ ಅರ್ಧ ಕ್ರೇಟಿಗೆ ಹಾಗೂ ಮಾಡಿ ನೋಡಿದೆ. ಚಿಗುರೇನೋ ಬಂತು, ಸೊರಗಿದ ಚಿಗುರು. ಜೊತೆಗೇ ಹೂವಿನ ಕಡ್ಡಿ. ಬೇರು ಸಮೇತ ಕಿತ್ತು ಹೊಸದಾಗಿ ಚೆಲ್ಲೋದೇ ಲಾಭ.

ಡಿಸೆಂಬರ್, ಜನವರಿ ನಮ್ಮ ತಾರಸಿಯ ಸುಗ್ಗಿ. ಚಳಿಗೆ ಸಬ್ಬಸಿಗೆ ಹೂವಿಗೆ ಅವಸರ ಮಾಡುವುದಿಲ್ಲ, ಎಲೆ ದಟ್ಟ. ಅದೇ ಹೊತ್ತಿಗೆ ಅವರೆಕಾಯಿ ಬರುತ್ತದೆ. ಸೊಗಡಿರುವ ಅವರೆಕಾಳಿಗೆ ಸಬ್ಬಸಿಗೆ ಬಿದ್ದ ಸಾರು ಉಂಡವರಿಗೆ ನಾನು ಏನೂ ವಿವರಿಸಬೇಕಾಗಿಲ್ಲ. ಅಮ್ಮ ಬಂದಾಗ ನುಚ್ಚಿನುಂಡೆ ಮಾಡಿದರು. ನೆನೆಸಿದ ತೊಗರಿಬೇಳೆ ತರಿತರಿಯಾಗಿ ರುಬ್ಬಿ, ಅದಕ್ಕಿಂತ ಜಾಸ್ತಿ ಸೊಪ್ಪು ಹಾಕಿ, ಹಬೆಯಲ್ಲಿ ಬೇಯಿಸಿದ್ದು. "ಬಾಣಂತೀಲಿ ನಿಂಗೆ ಇದೇ ಕೊಡೋದು, ಹಾಲು ಚೆನ್ನಾಗಾಗುತ್ತೆ" ಅಂತ ಮಾತಿನ ನಡುವೆ ಒಂದು ಕಲ್ಲನ್ನೂ ಎಸೆದರು. ನಾನು ಮಜ್ಜಿಗೆಹುಳಿ ಬಡಿಸಿಕೊಂಡೆ.

ಮಾರ್ಚ್‌ನಲ್ಲಿ ಲೆಕ್ಕ ತಪ್ಪಿತು. ಅದೇ ಬೀಜ, ಅದೇ ಮಣ್ಣು. 30ನೇ ದಿನಕ್ಕೇ ಕಡ್ಡಿ ನೆಟ್ಟಗಾಗಿ ಎಲೆ ವಿರಳವಾಯಿತು. ಬಿಸಿಲಿಗೆ ಬೇಗ ಹೂ ಬಿಡುವುದು ಇದರ ಸ್ವಭಾವ. ಬೇಸಿಗೆಯಲ್ಲಿ 25 ದಿನಕ್ಕೇ ಕಿತ್ತುಬಿಡಬೇಕು ಅಂತ ಈಗ ಗೊತ್ತು. ಆವತ್ತು ಬೇಜಾರಾಗಿ ಒಂದು ಕ್ರೇಟನ್ನು ಹಾಗೇ ಬಿಟ್ಟೆ. ಅದೇ ಒಳ್ಳೆಯದಾಯಿತು.

ಎದೆಮಟ್ಟ ಬೆಳೆಯಿತು. ತುದಿಯಲ್ಲಿ ಕೊಡೆ ಬಿಚ್ಚಿದ ಹಾಗೆ ಕಡ್ಡಿಗಳು, ಒಂದೊಂದು ಕಡ್ಡಿಯ ತುದಿಗೆ ಮತ್ತೊಂದು ಪುಟ್ಟ ಕೊಡೆ, ಅದರ ತುಂಬ ಅರಿಶಿನದ ಚುಕ್ಕಿಯಂಥ ಹೂ. ಏಪ್ರಿಲ್ ಬೆಳಿಗ್ಗೆ ತಾರಸಿ ಗುಂಯ್ ಅನ್ನುತ್ತಿತ್ತು. ಕೋಲ್ಜೇನು, ಹೆಸರು ಗೊತ್ತಿಲ್ಲದ ನೊಣಗಳು, ಸಣ್ಣ ಕಣಜಗಳು. ಪಕ್ಕದ ಮೆಣಸಿನ ಗಿಡದಲ್ಲಿ ಆ ತಿಂಗಳು ಕಾಯಿ ಜಾಸ್ತಿ ಕಚ್ಚಿತು ಅಂತ ನನಗೆ ಅನ್ನಿಸಿತು, ಎಣಿಸಿಲ್ಲ.

ಹೂವಿನ ಹಿಂದೆಯೇ ಗಿಡದ ರಸ ಹೀರುವ ಹೇನು ಬಂತು. ಕೊಡೆಯ ಕಡ್ಡಿಗಳ ಸುತ್ತ ಹಸಿರು ರವೆ ಮೆತ್ತಿದ ಹಾಗೆ. ಅವುಗಳ ನಡುವೆ ಕಪ್ಪಗೆ, ಬೆನ್ನ ಮೇಲೆ ಕಿತ್ತಳೆ ಚುಕ್ಕೆ ಇರುವ, ಮೊಸಳೆಮರಿಯಂಥ ಹುಳುಗಳು ಓಡಾಡುತ್ತಿದ್ದವು. ಇವೇ ಇದಕ್ಕೆಲ್ಲ ಕಾರಣ ಅಂತ ಕಡ್ಡಿಯಿಂದ ನಾಲ್ಕಾರನ್ನು ಹೊಸಕಿದೆ. ಐದನೆಯದು ಒಂದು ಹೇನನ್ನು ಬಾಯಲ್ಲಿ ಕಚ್ಚಿ ಎತ್ತಿ ಹಿಡಿದಿತ್ತು. ಆಗ ಕೈ ನಿಂತಿತು. ಅವು ಗುಲಗಂಜಿ ಹುಳುವಿನ ಮರಿಗಳು, ಹೇನೇ ಅವುಗಳ ಊಟ. ಬೇವಿನೆಣ್ಣೆ ಬಾಟಲಿ ಕೈಯಲ್ಲಿತ್ತು, ವಾಪಸ್ ಇಟ್ಟೆ. ಒಂದು ವಾರದಲ್ಲಿ ಹೇನು ಅರ್ಧಕ್ಕರ್ಧ ಕಮ್ಮಿಯಾಯಿತು. ಕೊಂದ ನಾಲ್ಕಕ್ಕೆ ಈಗಲೂ ಕಸಿವಿಸಿಯಾಗುತ್ತದೆ.

ಬೀಜ ಕಂದಾಗುವ ಹೊತ್ತಿಗೆ ಕಾಯುತ್ತಾ ಕೂರಬಾರದು. ಒಂದು ಕೊಡೆ ಪೂರ್ತಿ ಒಣಗಲಿ ಅಂತ ಬಿಟ್ಟಿದ್ದೆ, ಗಾಳಿಗೆ ಎಲ್ಲ ಉದುರಿತು. ಮಿಕ್ಕವನ್ನು ಮುಕ್ಕಾಲು ಭಾಗ ಕಂದಾದಾಗಲೇ ಕತ್ತರಿಸಿ, ತಲೆಕೆಳಗಾಗಿ ಪೇಪರ್ ಕವರಿನಲ್ಲಿ ಹಾಕಿ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಹದಿನೈದು ದಿನ ಬಿಟ್ಟು ಕವರ್ ಅಲ್ಲಾಡಿಸಿದರೆ ಮಳೆ ಸದ್ದು. ಮೊರದಲ್ಲಿ ಕೇರಿ, ಹೊಟ್ಟು ಊದಿ, ಗಾಜಿನ ಬಾಟಲಿಗೆ ತುಂಬಿದೆ. ಹಾರ್ಲಿಕ್ಸ್ ಬಾಟಲಿಯ ಕಾಲು ಭಾಗ ಆಯಿತು. ಮೇಲೆ ತಿಂಗಳು, ವರ್ಷ ಬರೆದು ಅಂಟಿಸಿದ್ದೇನೆ, ನನ್ನ ಬೀಜಕ್ಕೂ ಗ್ರಂಧಿಗೆ ಅಂಗಡಿಯ ಗತಿ ಬರಬಾರದಲ್ಲ. ಅಜ್ಜಿಗೆ ಒಂದು ಪೊಟ್ಟಣ ಕೊಟ್ಟೆ. ಅಂಗೈ ಮೇಲೆ ಸುರಿದುಕೊಂಡು, ಎರಡು ಬೀಜ ಬಾಯಿಗೆ ಹಾಕಿ ಕಚ್ಚಿ ನೋಡಿ, "ಜೊಳ್ಳಿಲ್ಲ ಕಣವ್ವಾ" ಅಂದರು. ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಗಾಳಿಗೆ ಉದುರಿದ ಬೀಜ ಎಲ್ಲಿಗೆ ಹೋಯಿತು ಅಂತ ಮೊದಲ ಮಳೆಯಾದ ಮೇಲೆ ಗೊತ್ತಾಯಿತು. ಮೆಣಸಿನ ಕುಂಡದಲ್ಲಿ, ಕರಿಬೇವಿನ ಬುಡದಲ್ಲಿ, ತಾರಸಿಯ ನೀರು ಹೋಗುವ ತೂತಿನ ಪಕ್ಕದ ಬಿರುಕಿನಲ್ಲೂ ತೆಳ್ಳಗೆ, ಉದ್ದಕ್ಕೆ ಎರಡೆರಡು ಎಲೆ. ಮೊನ್ನೆ ನಮ್ಮನೆಯವರು ತಾರಸಿ ಗುಡಿಸೋಕೆ ಹೋದವರು ಮೇಲಿಂದಲೇ ಕೂಗಿದರು. "ಇಲ್ಲಿ ತುಂಬಾ ಹುಲ್ಲು ಬಂದಿದೆ ಮಾರಾಯ್ತಿ, ಕೀಳಲಾ?"

ನಾನು ಒಲೆ ಆರಿಸದೆಯೇ ಮೆಟ್ಟಿಲು ಹತ್ತಿ ಓಡಿದೆ.